ತೆಗೆದಿಟ್ಟ ವಾಲ್ವ್

ಆ ಕಾರು ರಾಯಚೂರಿನ ನಮ್ಮ ಗ್ಯಾರೇಜಿಗೆ ಮೊದಲ ಸಲ ಬಂದದ್ದು ಜನವರಿಯ ಕೊನೆಯ ಬುಧವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ನೋಟ್‌ಬುಕ್ಕಿನಲ್ಲಿ ಅಂದು ನಾನು ಬರೆದದ್ದು ಒಂದೇ ಸಾಲು: ಕೆಂಪು, ಎರಡೇ ಸೀಟು, ದೇವದುರ್ಗ, ನಿಂತಲ್ಲಿ ಬಿಸಿಯಾಗುತ್ತದೆ.

ನಾನು ಬರೆದಿಡುವವನು. ಐಟಿಐ ಮುಗಿಸಿ ಒಂದು ವರ್ಷ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡಿದ್ದೆ. ಗಂಟೆಗೊಮ್ಮೆ ನೀರಿನ ಪೈಪುಗಳ ಉಷ್ಣತೆ ನೋಡಿ ಹಾಳೆಯಲ್ಲಿ ಬರೆಯುವುದೇ ಅಲ್ಲಿ ನನ್ನ ಕೆಲಸ. ಅದಕ್ಕೂ ಮೊದಲು ಗುಂಜಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪ ಬೆಳಿಗ್ಗೆ ಬಿಡುವಾಗ ಒಮ್ಮೆ, ಸಂಜೆ ದೊಡ್ಡಿಗೆ ಕೂಡಿಹಾಕುವಾಗ ಒಮ್ಮೆ ಕುರಿ ಎಣಿಸುತ್ತಿದ್ದ. ಲೆಕ್ಕ ಸರಿಬಂದ ಮೇಲೆಯೇ ಕೈಕಾಲು ತೊಳೆಯುತ್ತಿದ್ದ. ಹಾಗಾಗಿ ಗ್ಯಾರೇಜಿಗೆ ಸೇರಿದ ಮೊದಲ ದಿನದಿಂದಲೂ ಗಾಡಿ ಬಂದ ದಿನ, ಹೋದ ದಿನ, ಏನು ಬಿಚ್ಚಿದೆವು, ಏನು ಹಾಕಿದೆವು ಎಂದು ಬರೆಯುತ್ತ ಬಂದೆ. ಆರು ವರ್ಷಕ್ಕೆ ಹನ್ನೊಂದನೆಯ ನೋಟ್‌ಬುಕ್ ನಡೆಯುತ್ತಿತ್ತು.

ಗ್ಯಾರೇಜು ಚಾಚಾ ಅವರದು. ನನಗೆ ಅವರು ಸಂಬಂಧಿಕರಲ್ಲ. ಆ ಬೀದಿಯವರೆಲ್ಲ ಚಾಚಾ ಅನ್ನುತ್ತಾರೆ, ನಾನೂ ಅಂದೆ. ಮನೆಯಲ್ಲಿ ದಖ್ಖನಿ ಮಾತಾಡುವ ಅವರು ಗ್ಯಾರೇಜಿನಲ್ಲಿ ನಮ್ಮ ಕನ್ನಡವನ್ನೇ ಆಡುತ್ತಾರೆ. ಕನ್ನಡ ಓದಲು ಬರುವುದಿಲ್ಲ. ನಾನು ಬರೆಯುವುದನ್ನು ಕಂಡರೆ, "ಗಾಡಿ ಜಾತಕ ಬರ್ಯಾಕತ್ತೀಯೇನು ಬೇಟಾ?" ಎಂದು ಕೇಳುತ್ತಿದ್ದರು. ನಲವತ್ತು ವರ್ಷದಿಂದ ಅವರು ಗಾಡಿ ಬಿಚ್ಚುತ್ತಿದ್ದಾರೆ. ಬಾನೆಟ್ಟಿನ ಮೇಲೆ ಅಂಗೈಯ ಹಿಂಬದಿ ಇಟ್ಟು ಬಿಸಿ ಎಷ್ಟಿದೆ ಹೇಳುತ್ತಾರೆ. ನನ್ನ ಫೋನಿಗೆ ಸೇರಿಸುವ ಸಣ್ಣ ಸ್ಕ್ಯಾನರಿನಲ್ಲಿ ನೋಡಿದರೆ ಎರಡು ಮೂರು ಡಿಗ್ರಿಗಿಂತ ಹೆಚ್ಚು ಆಚೀಚೆ ಆಗುವುದಿಲ್ಲ.

ಕಾರಿನ ಒಡೆಯ ದೇವದುರ್ಗದಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ ನಡೆಸುವ ಸಾವ್ಕಾರ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಅವರ ತಂದೆಯ ಜೀಪು ಚಾಚಾ ಅವರ ಕೈಯಲ್ಲೇ ಬೆಳೆದದ್ದು. ಇವರು ಹೈದರಾಬಾದಿನಲ್ಲಿ ಈ ಸೆಕೆಂಡ್‌ಹ್ಯಾಂಡ್ ವಿದೇಶಿ ಕಾರು ಕೊಂಡು ತಂದಾಗಲೂ ನೇರ ನಮ್ಮಲ್ಲಿಗೇ ಬಂದರು. ಚಾಚಾ ಅದನ್ನು ಒಂದು ಸುತ್ತು ಹಾಕಿ ನೋಡಿ, "ಇದರಾಗ ಹತ್ತೋದಲ್ರೀ ಸಾವ್ಕಾರ್ರ, ಇಳಿಯೋದು. ಬಾವಿಗಿ ಇಳಿದಂಗ," ಎಂದರು.

"ಇಳಿದ ಮ್ಯಾಗ ಎದ್ದು ಬರಾಕ ಮನಸಾಗಂಗಿಲ್ಲ ಉಸ್ತಾದ್," ಎಂದು ಸಾವ್ಕಾರ ನಕ್ಕರು. "ಆದ್ರ ಬಸ್‌ಸ್ಟ್ಯಾಂಡ್ ಮುಂದ ಎರಡು ಮಿನಿಟ್ ನಿಂತ್ರ ಬಿಸಿ ತೋರ್ಸೋ ಮುಳ್ಳು ಮ್ಯಾಲೇರ್ತದ."

ಮೂರು ದಿನ ಕಾರು ನಮ್ಮಲ್ಲಿತ್ತು. ನಾನು ಊರೊಳಗೆ ಆರು ಸಲ, ಊರ ಹೊರಗೆ ನಾಲ್ಕು ಸಲ ಓಡಿಸಿ ಬರೆದುಕೊಂಡೆ. ಊರ ಹೊರಗೆ ನಾಲ್ಕೂ ಸಲ ತೊಂಬತ್ತು ಡಿಗ್ರಿಯ ಹತ್ತಿರವೇ ಇತ್ತು. ಊರೊಳಗೆ ನಿಂತಾಗ ಆರರಲ್ಲಿ ಐದು ಸಲ ನೂರ ಎಂಟು ದಾಟಿತು. ಫ್ಯಾನು ತಿರುಗುತ್ತಿತ್ತು, ಎಂಜಿನ್ನನ್ನು ತಂಪಿಡುವ ನೀರು, ಕೂಲಂಟ್, ಕಡಿಮೆಯಾಗಿರಲಿಲ್ಲ. ನಿಂತಾಗ ಮಾತ್ರ ಬಿಸಿಯಾದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಶುಕ್ರವಾರ ಬೆಳಿಗ್ಗೆ ಮುಂಭಾಗ ಬಿಚ್ಚಿದೆವು. ಎಸಿಯ ಜಾಲರಿಗೂ ಅದರ ಹಿಂದೆ ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿಗೂ ನಡುವೆ ಬೆರಳು ಹೋಗುವಷ್ಟು ಸಂದಿಯಿರುತ್ತದೆ. ಮುಂದಿನಿಂದ ನೋಡಿದರೆ ಕಾಣುವುದಿಲ್ಲ. ಆ ಸಂದಿಯ ತುಂಬ ಹತ್ತಿಯ ಎಳೆ ಕೂತು, ಧೂಳು ಕುಡಿದು, ಕಂಬಳಿಯಂತೆ ಗಟ್ಟಿಯಾಗಿತ್ತು. ಮಿಲ್ಲಿನ ಕಾಂಪೌಂಡಿನಲ್ಲಿ ಕಾರು ನಿಲ್ಲುತ್ತದೆ. ಜಿನ್ನಿಂಗ್ ನಡೆಯುವ ತಿಂಗಳುಗಳಲ್ಲಿ ಅಲ್ಲಿ ಗಾಳಿಯಲ್ಲೆಲ್ಲ ಹತ್ತಿಯೇ ಇರುತ್ತದೆ.

ಚಾಚಾ ಅದನ್ನು ಎಳೆದು ತೆಗೆದು ಕೈಯಲ್ಲಿ ತೂಗಿ ನೋಡಿದರು. "ಸಾವ್ಕಾರ್ರಿಗಿ ಹೇಳು, ತಲಿದಿಂಬಿಗಿ ಆಗೋವಷ್ಟು ಮಾಲು ನಮ್ಮ ಕಡಿ ಉಳಿದದ ಅಂತ."

ಹಿಂದಿನಿಂದ ಗಾಳಿ ಹೊಡೆದು ಪೂರ್ತಿ ತೊಳೆದೆವು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿದಿತ್ತು. ಅಲ್ಲಿಗೇ ಬಿಟ್ಟಿದ್ದರೆ ನಾನು ಇದನ್ನು ಬರೆಯುವ ಕಾರಣವಿರುತ್ತಿರಲಿಲ್ಲ.

ಊಟ ಮಾಡಿ ಬಂದ ಚಾಚಾ, "ಹೆಂಗೂ ಬಿಚ್ಚೀವಿ, ಅದರ ವಾಲ್ವ್ ತಗದುಬಿಡು. ಬಿಸಿಲುಗಾಲ ಬರಾಕತ್ತದ," ಎಂದರು.

ಅವರು ಹೇಳಿದ್ದು ಥರ್ಮೋಸ್ಟಾಟನ್ನು. ಎಂಜಿನ್ ತಣ್ಣಗಿರುವಾಗ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು, ಎಂಜಿನ್ ಬಿಸಿಯಾದ ಮೇಲೆ ಬಾಗಿಲು ತೆರೆಯುವ ವಾಲ್ವ್ ಅದು. ರಾಯಚೂರಿನ ಹಳೆಯ ಮಿಸ್ತ್ರಿಗಳಲ್ಲಿ ಒಂದು ರೂಢಿಯಿದೆ. ಹೊಸ ಗಾಡಿ ಕೈಗೆ ಬಂದರೆ ಮೊದಲು ಇದನ್ನು ತೆಗೆಯುವುದು. ಎಂಜಿನ್ನನ್ನು ಬೇಗ ಬೆಚ್ಚಗೆ ಮಾಡುವ ವಸ್ತು ಚಳಿದೇಶದವರಿಗೆ ಬೇಕು, ಏಪ್ರಿಲ್‌ನಲ್ಲಿ ನಲ್ಲಿಯ ನೀರೇ ಕೈ ಸುಡುವ ಊರಿಗೆ ಯಾಕೆ ಬೇಕು ಎನ್ನುವುದು ಅವರ ಮಾತು. ಹಳೆಯ ಜೀಪುಗಳಲ್ಲಿ ಇದರಿಂದ ತೊಂದರೆಯೇನೂ ಕಾಣುತ್ತಿರಲಿಲ್ಲ. ಐಟಿಐಯಲ್ಲಿ ಬೇರೆ ರೀತಿ ಕಲಿಸಿದ್ದರು. ಆದರೆ ಆರು ವರ್ಷದಲ್ಲಿ ಚಾಚಾ ಹೇಳಿ ನಾನು ತೆಗೆದ ವಾಲ್ವ್‌ಗಳಿಂದ ಯಾವ ಗಾಡಿಯೂ ವಾಪಸು ಬಂದದ್ದು ನನಗೆ ಗೊತ್ತಿರಲಿಲ್ಲ. ಎರಡು ಬೋಲ್ಟ್ ಬಿಚ್ಚಿ ತೆಗೆದೆ. ಅವರು ಅದನ್ನು ಒರೆಸಿ, ತೆಗೆದ ವಾಲ್ವ್‌ಗಳನ್ನೆಲ್ಲ ಹಾಕಿಡುವ ತಗಡಿನ ಡಬ್ಬಿಗೆ ಹಾಕಿದರು. ಸಂಜೆ ಬಸ್‌ಸ್ಟ್ಯಾಂಡ್ ಮುಂದೆ ಹತ್ತು ನಿಮಿಷ ನಿಲ್ಲಿಸಿ ನೋಡಿದೆ. ಎಂಬತ್ತನಾಲ್ಕು ದಾಟಲಿಲ್ಲ. ಸಾವ್ಕಾರ ಖುಷಿಯಿಂದ ಒಯ್ದರು.

ಮಂಗಳವಾರ ಅವರ ಫೋನು ಬಂತು. ವಾರಕ್ಕೆರಡು ಸಲ ಹತ್ತಿ ಖರೀದಿಗೆ ಅವರು ಮಾನ್ವಿಗೆ ಹೋಗುತ್ತಾರೆ. ಖಾಲಿ ರಸ್ತೆಯಲ್ಲಿ ಜೋರಾಗಿ ಓಡಿಸುತ್ತಿದ್ದಾಗ ಮುಳ್ಳು ಕೆಂಪಿಗೆ ಹೋಗಿ ಬಾನೆಟ್ಟಿನಿಂದ ಹೊಗೆಯಂತೆ ಹಬೆ ಎದ್ದಿತ್ತು. ತಣ್ಣಗಾಗಲು ಬಿಟ್ಟು ನಿಧಾನಕ್ಕೆ ಓಡಿಸಿಕೊಂಡು ಬುಧವಾರ ರಾಯಚೂರಿಗೆ ತಂದರು. ಚಾಚಾ ನೀರಿನ ಪಂಪ್ ನೋಡಿದರು, ರೇಡಿಯೇಟರಿನ ಒಳಗೆ ತೊಳೆಸಿದರು, ಮುಚ್ಚಳ ಬದಲಿಸಿದರು. ಸಾವ್ಕಾರ ಮತ್ತೆ ಒಯ್ದರು, ಶನಿವಾರ ಮತ್ತೆ ಹಾಗೆಯೇ ಆಯಿತು. ಎರಡನೇ ಮಂಗಳವಾರ ಮೂರನೇ ಸಲ.

ಬುಧವಾರ ಕಾರು ತಂದಾಗ ಸಾವ್ಕಾರ ನಗಲಿಲ್ಲ. ಕಾರಿನ ಕೀಲಿಯನ್ನು ಟೇಬಲ್ಲಿನ ಮೇಲಿಟ್ಟು, ನಿಂತುಕೊಂಡೇ ಮಾತಾಡಿದರು.

"ಉಸ್ತಾದ್, ಬ್ಯಾಸರ ಮಾಡ್ಕೋಬ್ಯಾಡ್ರಿ. ಹೈದರಾಬಾದ್ ಮಿಸ್ತ್ರಿಗಿ ಫೋನ್ ಹಚ್ಚಿದ್ದೆ. ಹೆಡ್ ಗ್ಯಾಸ್ಕೆಟ್ ಹೋಗ್ಯದ, ಎಂಜಿನ್ ಬಿಚ್ಚಬೇಕು ಅಂದಾನ. ಸೋಮವಾರ ಲಾರಿ ಹೇಳೀನಿ."

"ಇಲ್ಲಿಂದ ಯಾವ ಗಾಡೀನೂ ಇವತ್ತಿನ ತನಕ ಲಾರಿ ಮ್ಯಾಗ ಹೋಗಿಲ್ರೀ," ಎಂದರು ಚಾಚಾ.

"ಗೊತ್ತದ. ನಮ್ ಅಪ್ಪಾರೂ ಅದನ್ನ ಹೇಳ್ತಿದ್ರು. ಆದ್ರ ಈಗಿನ ಗಾಡಿಗಳು ಬ್ಯಾರೆ ಅವ ಉಸ್ತಾದ್."

ಸಾವ್ಕಾರ ಹೋದ ಮೇಲೆ ಚಾಚಾ ಕೀಲಿ ತೆಗೆದು ಗೋಡೆಯ ಮೊಳೆಗೆ ಹಾಕಿದರು. ಪಕ್ಕದ ಟೈರ್ ಅಂಗಡಿಯವ ಇಣುಕಿ, "ಏನ್ ಚಾಚಾ, ಕೆಂಪು ಕುದುರಿ ಇನ್ನೂ ಮಲಗೇ ಅದ?" ಎಂದ. ಚಾಚಾ ಅವನ ಕಡೆ ನೋಡದೆ, "ನಿನ್ನ ಪಂಕ್ಚರ್ ನೋಡ್ಕೋ ಹೋಗಲೇ," ಎಂದರು. ಎರಡು ವರ್ಷದಿಂದ ಬೀದಿಯಲ್ಲಿ ಒಂದು ಮಾತು ಓಡಾಡುತ್ತಿತ್ತು: ಚಾಚಾ ಕೈ ಹಳೆಯ ಗಾಡಿಗಳಿಗೆ ಸರಿ, ಹೊಸದಕ್ಕಲ್ಲ. ಅವರೆದುರು ಯಾರೂ ಆಡುತ್ತಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು. ಸೋಮವಾರ ಆ ಕಾರು ಲಾರಿ ಹತ್ತುವುದನ್ನು ಇಡೀ ಬೀದಿ ನೋಡುತ್ತದೆ. ನಮ್ಮ ಕೈಯಲ್ಲಿ ಐದು ದಿನ ಉಳಿದಿದ್ದವು.

ಅಂದು ಸಂಜೆ ನೋಟ್‌ಬುಕ್ ತೆಗೆದು ಎಲ್ಲವನ್ನೂ ಒಂದೇ ಪುಟಕ್ಕೆ ಇಳಿಸಿದೆ. ಮೊದಲು ಹೆಡ್ ಗ್ಯಾಸ್ಕೆಟ್ಟಿನ, ಎಂದರೆ ಎಂಜಿನ್ನೊಳಗೆ ನೀರೂ ಆಯಿಲೂ ಬೆರೆಯದಂತೆ ತಡೆಯುವ ಪದರದ ವಿಷಯ. ಅದು ಹೋಗಿದ್ದರೆ ಎಂಜಿನ್ ಆಯಿಲ್ ಹಾಲಿನಂತೆ ಬೆಳ್ಳಗಾಗಬೇಕು, ಆಗಿರಲಿಲ್ಲ. ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಏಳಬೇಕು, ಎದ್ದಿರಲಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ ಬರಬೇಕು, ಬಂದಿರಲಿಲ್ಲ. ಎಂಜಿನ್ ಬಿಚ್ಚಲು ಕಾರಣವೇ ಕಾಣಲಿಲ್ಲ. ಆಮೇಲೆ ಓಡಿಸಿದ ಲೆಕ್ಕ. ಶುಕ್ರವಾರಕ್ಕೆ ಮೊದಲು ಹತ್ತು ಸಲ, ಆಮೇಲೆ ಎಂಟು ಸಲ. ಮೊದಲ ಹತ್ತರಲ್ಲಿ ಕಾರು ನಿಂತಾಗ ಬಿಸಿ, ಓಡುವಾಗ ತಂಪು. ಆಮೇಲಿನ ಎಂಟರಲ್ಲಿ ನಿಂತಾಗ ತಂಪು, ಜೋರಾಗಿ ಓಡುವಾಗ ಬಿಸಿ. ಬೆಳಿಗ್ಗೆ ಬಿಸಿಯೇರಲು ಮೊದಲು ಐದು ನಿಮಿಷ ಬೇಕಿದ್ದ ಎಂಜಿನ್ನಿಗೆ ಈಗ ಹದಿನಾರು ನಿಮಿಷ ಬೇಕಾಗುತ್ತಿತ್ತು.

ನಾವೆಲ್ಲ ಒಂದೇ ಕಾಯಿಲೆ ವಾಸಿಯಾಗುತ್ತಿಲ್ಲ ಅಂದುಕೊಂಡಿದ್ದೆವು. ಪುಟ ನೋಡಿದರೆ ಕಾಯಿಲೆಗಳು ಎರಡು. ಮೊದಲನೆಯದು ಶುಕ್ರವಾರ ಬೆಳಿಗ್ಗೆ ಹತ್ತಿಯೊಂದಿಗೆ ಹೋಗಿತ್ತು. ಎರಡನೆಯದು ಅದೇ ದಿನ ಮಧ್ಯಾಹ್ನ ಹುಟ್ಟಿತ್ತು. ಮಧ್ಯಾಹ್ನದ ಮುಂದೆ ನಾನು ಬರೆದಿದ್ದ ಕೆಲಸ ಒಂದೇ: ಥರ್ಮೋಸ್ಟಾಟ್ ತೆಗೆದದ್ದು.

ವಾಲ್ವ್ ತೆಗೆದರೆ ನೀರು ಇನ್ನೂ ಸರಾಗ ಹರಿಯಬೇಕಲ್ಲ, ಬಿಸಿ ಹೇಗೆ ಏರುತ್ತದೆ? ಮರುದಿನ ಬೆಳಿಗ್ಗೆ ಚಾಚಾ ಬರುವ ಮೊದಲೇ ಹೋಗಿ ಡಬ್ಬಿ ಸುರಿದೆ. ಒಳಗೆ ನಲವತ್ತಮೂರು ವಾಲ್ವ್‌ಗಳಿದ್ದವು. ಈ ಕಾರಿನದನ್ನು ಹುಡುಕುವುದು ಕಷ್ಟವಾಗಲಿಲ್ಲ. ಜೀಪುಗಳ ವಾಲ್ವ್‌ಗಳಿಗೆ ಮೇಲೊಂದೇ ತಟ್ಟೆ, ಇದಕ್ಕೆ ಕೆಳಗೆ ಸ್ಪ್ರಿಂಗಿನ ತುದಿಯಲ್ಲಿ ಇನ್ನೊಂದು ಸಣ್ಣ ತಟ್ಟೆಯಿತ್ತು. ಆಗ ಅರ್ಥವಾಯಿತು. ಈ ಎಂಜಿನ್ನಿನೊಳಗೆ ಒಂದು ಅಡ್ಡದಾರಿ ಇದೆ. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದೆ ಆ ಅಡ್ಡದಾರಿಯಲ್ಲೇ ಸುತ್ತುತ್ತದೆ. ಬಿಸಿಯಾದಾಗ ಮೇಲಿನ ತಟ್ಟೆ ರೇಡಿಯೇಟರಿನ ಬಾಗಿಲು ತೆರೆಯುತ್ತದೆ, ಕೆಳಗಿನ ತಟ್ಟೆ ಅಡ್ಡದಾರಿಯನ್ನು ಮುಚ್ಚುತ್ತದೆ. ವಾಲ್ವನ್ನೇ ತೆಗೆದಿದ್ದರಿಂದ ಅಡ್ಡದಾರಿ ಯಾವಾಗಲೂ ತೆರೆದೇ ಇತ್ತು. ಊರೊಳಗೆ ಅದು ಗೊತ್ತಾಗುವುದಿಲ್ಲ. ಜೋರಾಗಿ ಓಡಿಸಿದಾಗ ಬಿಸಿನೀರಿನ ದೊಡ್ಡ ಪಾಲು ರೇಡಿಯೇಟರಿನ ಗಾಳಿಯನ್ನೇ ಕಾಣದೆ ಎಂಜಿನ್ನಿಗೆ ವಾಪಸಾಗುತ್ತದೆ.

ಕಾರಿನ ತೊಂದರೆ ಸಿಕ್ಕಿತು. ಅದನ್ನು ಚಾಚಾ ಅವರಿಗೆ ಹೇಳುವುದು ಹೇಗೆ ಎಂದು ಗೊತ್ತಾಗಲಿಲ್ಲ. ಸುಮ್ಮನೆ ವಾಲ್ವ್ ವಾಪಸು ಹಾಕಿ, ಏನೋ ಸರಿಯಾಯಿತು ಎಂದುಬಿಡಬಹುದಿತ್ತು. ಒಂದು ತಾಸು ಅದನ್ನೇ ಯೋಚಿಸಿದೆ. ಆಮೇಲೆ ಚಹಾ ಕಾಸುವ ಪಾತ್ರೆಯಲ್ಲಿ ನೀರಿಟ್ಟು, ವಾಲ್ವಿಗೆ ದಾರ ಕಟ್ಟಿ ಇಳಿಬಿಟ್ಟು, ಸ್ಟೌ ಹಚ್ಚಿ ಕೂತೆ.

ಚಾಚಾ ಬಂದವರೇ ನೋಡಿದರು. "ಚಹಾಕ್ಕ ಎಲಿ ಮುಗದಾವೇನು? ಕಬ್ಬಿಣ ಕುದಸಾಕತ್ತೀಯಲ್ಲ."

"ಒಂದೀಟು ಕೂಡ್ರಿ ಚಾಚಾ. ಈ ಕೆಳಗಿನ ತಟ್ಟಿ ಯಾಕದ ಅಂತ ನನಗ ತಿಳಿವಲ್ದು."

ಅವರು ಕನ್ನಡಕ ಹಾಕಿಕೊಂಡು ಪಾತ್ರೆಯ ಮೇಲೆ ಬಗ್ಗಿದರು. ನೀರಿನ ತಳದಲ್ಲಿ ಸಣ್ಣ ಗುಳ್ಳೆ ಏಳುವ ಹೊತ್ತಿಗೆ ಮೇಲಿನ ತಟ್ಟೆ ಬಾಯಿ ಬಿಡತೊಡಗಿತು, ಅದರ ಜೊತೆಗೇ ಕೆಳಗಿನ ತಟ್ಟೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆಳಗಿಳಿಯಿತು. ಸ್ಟೌ ಆರಿಸಿದೆ. ನೀರು ತಣಿದಂತೆ ಎರಡೂ ಹಿಂದಕ್ಕೆ ಬಂದವು. ಚಾಚಾ ತಾವೇ ಮತ್ತೆ ಸ್ಟೌ ಹಚ್ಚಿದರು. ಮೂರು ಸಲ ನೋಡಿದರು. ಮೂರನೆಯ ಸಲ ಎದ್ದು ಕಾರಿನ ಹತ್ತಿರ ಹೋಗಿ, ವಾಲ್ವ್ ಕೂರುವ ಗೂಡಿನ ಮುಚ್ಚಳ ಬಿಚ್ಚಿಸಿ, ಒಳಗೆ ಕಿರುಬೆರಳು ಹಾಕಿ ತಡವಿದರು. ತಳದಲ್ಲಿದ್ದ ತೂತು ಬೆರಳಿಗೆ ಸಿಕ್ಕಿತು. ಬೆರಳನ್ನು ಹೊರತೆಗೆಯದೆಯೇ ನನ್ನ ಕಡೆ ತಿರುಗಿದರು.

"ನಿನಗ ಯಾವಾಗ ತಿಳೀತು?" ಎಂದರು.

"ನಿನ್ನಿ ಸಂಜಿ ಅನುಮಾನ ಬಂತು. ಇವತ್ತು ಡಬ್ಬಿ ತಗದು ನೋಡ್ದೆ."

"ಹಂಗಾದ್ರ ತಟ್ಟಿ ಯಾಕದ ಅಂತ ನನ್ನ ಯಾಕ ಕೇಳಿದಿ?"

ನಾನು ಪಾತ್ರೆಯಿಂದ ವಾಲ್ವ್ ಎತ್ತಿ ಅವರ ಮುಂದೆ ಹಿಡಿದೆ. ಅವರು ಕೈ ಒರೆಸಿಕೊಂಡು, "ಹೊಸಾ ರಬ್ಬರ್ ತಂದು ಕೂಡ್ಸು. ಹಳೇದು ಸೋರ್ತದ," ಎಂದರು. ಆ ದಿನ ಚಹಾ ಕುಡಿಯಲಿಲ್ಲ.

ವಾಲ್ವ್ ಕೂರಿಸಿ, ಕೂಲಂಟ್ ತುಂಬಿ, ಒಳಗಿನ ಗಾಳಿಯೆಲ್ಲ ಹೊರಹಾಕಿ, ಶುಕ್ರವಾರ ಮತ್ತು ಶನಿವಾರ ಮಾನ್ವಿ ರಸ್ತೆಯಲ್ಲಿ ಕಲ್ಲೂರು ದಾಟುವ ತನಕ ನಾಲ್ಕು ಸಲ ಓಡಿಸಿದೆ. ನಾಲ್ಕೂ ಸಲ ತೊಂಬತ್ತೆರಡರ ಒಳಗೆ. ಭಾನುವಾರ ಕಾರು ಮುಟ್ಟಿಸಲು ನಾವಿಬ್ಬರೇ ಹೊರಟೆವು, ಮಾನ್ವಿಯ ಮೇಲೆ ಸುತ್ತುಹಾಕಿ, ಯಾಕೆಂದರೆ ಬಿಸಿಯಾಗುತ್ತಿದ್ದದ್ದು ಆ ರಸ್ತೆಯಲ್ಲೇ. ನಾನು ಓಡಿಸಿದೆ. ಚಾಚಾ ಮೊಣಕಾಲು ಎದೆಗೆ ತಾಗುವಂತೆ ಪಕ್ಕದಲ್ಲಿ ಕೂತು, ನನ್ನ ಫೋನು ಹಿಡಿದು, ಡಿಗ್ರಿಯನ್ನು ಗಟ್ಟಿಯಾಗಿ ಓದುತ್ತ ಬಂದರು. "ಎಂಬತ್ತೊಂಬತ್ತು. ತೊಂಬತ್ತು. ತೊಂಬತ್ತು." ಮಾನ್ವಿಯಲ್ಲಿ ನಿಲ್ಲಿಸಿದಾಗ ಸುತ್ತ ಜನ ಸೇರಿದರು. ಒಬ್ಬ ಮುದುಕ ಬಗ್ಗಿ ಒಳಗೆ ನೋಡಿ, "ಯಪ್ಪಾ, ಇದರಾಗ ಹೆಂಡ್ರು ಕುಂತ್ರ ಮಕ್ಳು ಎಲ್ಲಿ ಕುಂದರ್ತಾವ?" ಎಂದು ಕೇಳಿದ. ಚಾಚಾ, "ಮಕ್ಳಿಗಿ ಬಸ್ ಅದಲ್ಲ," ಎಂದರು. ವಾಲ್ವ್ ಕುದಿಸಿ ನೋಡಿದ ಮೇಲೆ ಅವರು ಆಡಿದ ಮೊದಲ ತಮಾಷೆ ಅದು.

ಅಲ್ಲಿಂದ ಮುಂದೆ ನಾನು ಮನಸ್ಸಿನಲ್ಲೇ ಒಂದು ಮಾತು ಹೊಂದಿಸಿಕೊಂಡೆ. ಸಾವ್ಕಾರ ಕೇಳಿದರೆ, ವಾಲ್ವ್ ತೊಂದರೆ ಇತ್ತು, ಸರಿಮಾಡಿದೆವು ಅನ್ನುವುದು. ಅದು ಸುಳ್ಳಾಗುವುದಿಲ್ಲ, ಪೂರ್ತಿ ನಿಜವೂ ಆಗುವುದಿಲ್ಲ.

ದೇವದುರ್ಗದ ಮಿಲ್ಲಿನಲ್ಲಿ ಸಾವ್ಕಾರ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು. "ಮಾನ್ವಿ ಮ್ಯಾಗ ಬಂದ್ರೇನು? ಬಿಸಿ ಆಗಲಿಲ್ಲ?"

"ಇಲ್ರೀ. ವಾಲ್ವ್ ತೊಂದ್ರಿ ಇತ್ತು," ಎಂದು ನಾನು ಶುರುಮಾಡಿದೆ.

"ವಾಲ್ವಿಗಿ ಏನೂ ಆಗಿದ್ದಿಲ್ರೀ ಸಾವ್ಕಾರ್ರ," ಎಂದರು ಚಾಚಾ. "ಚೊಲೊ ಇತ್ತು. ನಾನೇ ತಗಸಿದ್ದೆ. ಹತ್ತಿ ತಗದಾಗಲೇ ನಿಮ್ಮ ಗಾಡಿ ನೆಟ್ಟಗಾಗಿತ್ತು. ಆಮ್ಯಾಲಿಂದು ಎಲ್ಲಾ ನನ್ನ ಕೆಲಸ."

ಸಾವ್ಕಾರ ನನ್ನನ್ನು ನೋಡಿದರು, ಮತ್ತೆ ಚಾಚಾ ಅವರನ್ನು. "ಅಪ್ಪಾರ ಜೀಪಿಂದೂ ತಗದೀರೇನು?"

"ತಗದೀನಿ."

"ಅದು ಇನ್ನೂ ಓಡ್ತದಲ್ಲ."

"ಅದು ಓಡ್ತದ. ಅದರಾಗ ನೀರಿಗಿ ಅಡ್ಡದಾರಿ ಇಲ್ಲ. ಇದರಾಗ ಅದ ಅಂತ ನನಗ ಗೊತ್ತಿದ್ದಿಲ್ಲ, ನೋಡದೇ ಕೈ ಹಾಕ್ದೆ. ನಾಳೆ ಲಾರಿ ಬಂದ್ರ ಕಳಸ್ರಿ, ನಾ ಏನೂ ಅನ್ನಂಗಿಲ್ಲ. ಎಂಜಿನ್ ಮಾತ್ರ ಬಿಚ್ಚಬ್ಯಾಡ ಅಂತ ಹೇಳ್ರಿ ಅವನಿಗಿ. ಅದು ಚೊಲೊ ಅದ."

ಸಾವ್ಕಾರ ನನ್ನ ಕಡೆ ಕೈ ಚಾಚಿದರು. ಕೀಲಿ ತೆಗೆದುಕೊಂಡು ಕಾರಿಗೆ ಇಳಿದು, ಪಕ್ಕದ ಬಾಗಿಲು ತೆರೆದು, "ಬರ್ರಿ," ಎಂದರು. ಇರುವುದು ಎರಡೇ ಸೀಟಾದ್ದರಿಂದ ನಾನು ಮಿಲ್ಲಿನ ಗೇಟಿನಲ್ಲಿ ಉಳಿದೆ. ಮೂವತ್ತೆಂಟು ನಿಮಿಷ. ಎಷ್ಟು ದೂರ ಹೋದರು, ಒಳಗೆ ಏನು ಮಾತಾಡಿದರು ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ವಾಪಸು ಬಂದಾಗ ಸಾವ್ಕಾರ ಫೋನಿನಲ್ಲಿ ಲಾರಿಯವನಿಗೆ ಬರಬೇಡ ಎನ್ನುತ್ತಿದ್ದರು. ಆಮೇಲೆ ಸುತ್ತು ಬಂದು ಕೈ ಕೊಟ್ಟು ಚಾಚಾ ಅವರನ್ನು ಸೀಟಿನಿಂದ ಎಬ್ಬಿಸಿದರು. "ಮುಂದಿನ ಸಲ ತಗಿಯೋ ಮೊದಲ ನನಗೊಂದು ಮಾತು ಹೇಳ್ರಿ ಉಸ್ತಾದ್," ಎಂದರು, ಅಷ್ಟೆ.

ರಾಯಚೂರಿಗೆ ವಾಪಸಾಗುವ ಸಂಜೆಯ ಬಸ್ಸಿನಲ್ಲಿ ಚಾಚಾ ಕಿಟಕಿ ಪಕ್ಕ ಕೂತರು. ಆಮೇಲೆ, "ನಿನ್ನ ಪುಸ್ತಕದಾಗ ಎಲ್ಲಾ ಅದಲ್ಲ? ಈಗಿನ ಕಾರು ಎಷ್ಟರದ್ದು ವಾಲ್ವ್ ತಗದೀವಿ ನೋಡು," ಎಂದರು.

ಚೀಲದಲ್ಲಿದ್ದದ್ದು ಈಗ ಬರೆಯುತ್ತಿದ್ದ ಹನ್ನೊಂದನೆಯ ನೋಟ್‌ಬುಕ್ ಮಾತ್ರ. ಅದರಲ್ಲೇ ಮೂರು ಸಿಕ್ಕವು. ಮಾನ್ವಿಯ ಒಬ್ಬ ಮೇಷ್ಟ್ರ ಕಾರು, ಚಂದ್ರಬಂಡದ ಒಬ್ಬ ಗುತ್ತಿಗೆದಾರರದು, ನಮ್ಮದೇ ಬೀದಿಯ ಔಷಧ ಅಂಗಡಿಯವರದು. ಮೇಷ್ಟ್ರ ಹೆಸರಿನ ಮುಂದೆ ನಾನೇ ಬರೆದಿದ್ದೆ: ಮತ್ತೆ ಬಂದರು, ದೂರ ಹೋದರೆ ಬಿಸಿಯಾಗುತ್ತದಂತೆ, ನೀರು ಹಾಕಿ ಕಳಿಸಿದೆವು. ಅದನ್ನು ಓದಿ ಹೇಳಿದೆ. ಬರೆದವನು ನಾನೇ, ಬರೆದು ಮರೆತವನೂ ನಾನೇ.

"ಫೋನ್ ಹಚ್ಚು ಅವರಿಗಿ," ಎಂದು ಚಾಚಾ ಕೈ ಚಾಚಿದರು.

ಬಸ್ಸಿನ ಸದ್ದಿಗೆ ಅವರು ಗಟ್ಟಿಯಾಗಿಯೇ ಮಾತಾಡಬೇಕಾಯಿತು. "ಸರ್, ನಾ ರಾಯಚೂರಿಂದ ಮಿಸ್ತ್ರಿ ಮಾತಾಡೋದು. ನಿಮ್ ಗಾಡಿ ಬಿಸಿ ಆಗ್ತದ ಅಂದಿದ್ರಲ್ಲ, ಅದು ನನ್ನಿಂದ ಆಗ್ಯದ. ಹೌದ್ರೀ, ನನ್ನಿಂದ. ಬುಧವಾರ ತರ್ರಿ, ಮಾಡಿ ಕೊಡ್ತೀನಿ." ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ ನೋಡಿದಳು. ಹಿಂದಿನಿಂದ ಯಾರೋ, "ಇಂಥಾ ಮಿಸ್ತ್ರಿ ಎಲ್ಲಿ ಸಿಗ್ತಾನಪ್ಪ, ನನ್ನ ಗಾಡಿ ಕೆಡಿಸಿದಂವ ಫೋನೇ ಎತ್ತಂಗಿಲ್ಲ," ಎಂದರು. ಚಾಚಾ ಕೇಳಿಸಿಕೊಂಡರೋ ಇಲ್ಲವೋ, ಎರಡನೆಯ ನಂಬರು ಕೇಳಿದರು.

ಗಬ್ಬೂರು ಬರುವಷ್ಟರಲ್ಲಿ ಮೂರೂ ಮುಗಿದವು. ಮೇಷ್ಟ್ರು ಬುಧವಾರ, ಔಷಧ ಅಂಗಡಿಯವರು ಗುರುವಾರ. ಗುತ್ತಿಗೆದಾರರು ಮಾತ್ರ ಬೈದು ಫೋನಿಟ್ಟರಂತೆ; ಅವರ ಹೆಸರಿನ ಮುಂದೆ ಏನು ಬರೆಯಲಿ ಎಂದು ಕೇಳಿದೆ. "ಬರ್ತಾರ ಅಂತ ಬರಿ," ಎಂದರು ಚಾಚಾ. "ಬಂದ ಮ್ಯಾಲ ತಾರೀಖು ಹಾಕು. ಮನಿಗಿ ಹೋದಕೂಡ್ಲೇ ಉಳಿದ ಹತ್ತು ಪುಸ್ತಕ ತಗೊಂಡು ಬಾ."